ಬಂದಾತು ಎಂದರೆ ಬಂತು ಎಂದಲ್ಲ

ಸಂತೆಕಲ್ಲೂರಿನಲ್ಲಿ ಮಾತಿಗೆ ಟಂಟಂ ಆಟೋಗಿಂತ ವೇಗ ಜಾಸ್ತಿ. ಸೀಟು ತುಂಬುವವರೆಗೂ ಮಾತು ಕಾಯುವುದಿಲ್ಲ. ಆ ವೇಗಕ್ಕೆ ಸಿಕ್ಕವಳು ಸಕೀನಾಬೀ.

ಅವಳಿಗೆ ಟಿ.ಬಿ. ಗಂಡ ಖಾದರಬಾಷಾ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ, ಮನೆಗೆ ಬರುವುದು ಶುಕ್ರವಾರಕ್ಕೆ. ಉಳಿದ ದಿನ ಬಾಗಿಲು ತಟ್ಟುತ್ತಿದ್ದವಳು ಸಂಸ್ಥೆಯೊಂದರ ಕಾರ್ಯಕರ್ತೆ ಭಾರತಿ. ಗುಳಿಗೆ ನುಂಗಿಸಿ, ಎರಡು ಮಾತಾಡಿ ನಗಿಸಿ ಹೋಗುತ್ತಿದ್ದಳು. ಒಂದು ದಿನ ಹೊಸ್ತಿಲಲ್ಲೇ ನಿಂತು, "ಸಕೀನಕ್ಕ, ಏಡ್ ಬಂದಾತು. ನಾಳಿಯಿಂದ ನಾ ಬರಂಗಿಲ್ಲ" ಎಂದು ಕಣ್ಣೊರೆಸಿಕೊಂಡು ಹೊರಟುಬಿಟ್ಟಳು.

ಪಕ್ಕದ ಕಟ್ಟೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಗದ್ದೆಮ್ಮನ ಕಿವಿಗೆ ಬಿದ್ದದ್ದು, ಏಡ್ಸ್ ಬಂತು.

ಅಂದಿನಿಂದ ನಳದ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಂತರು. ಯಾಕೆಂದು ಯಾರೂ ಹೇಳಲಿಲ್ಲ. ಸಕೀನಾಬೀ ಮಧ್ಯಾಹ್ನ ಒಬ್ಬಳೇ ಕೂತು, ಮೊದಲು ದಿನಾ ಮಾತಾಡಿಸುತ್ತಿದ್ದ ಗದ್ದೆಮ್ಮನ ದಪ್ಪ ದನಿ ಮಾಡಿ "ಊಟ ಆತೇನವಾ?" ಎಂದು ಕೇಳಿಕೊಂಡು, ತನ್ನ ದನಿಯಲ್ಲಿ "ಆತವಾ" ಎನ್ನುತ್ತಿದ್ದಳು. ಭಾರತಿಯೊಂದಿಗೆ ಗುಳಿಗೆಯೂ ಹೋಯಿತೆಂದುಕೊಂಡು, ಮನೆಯಲ್ಲಿದ್ದದ್ದು ತೀರಿದ ಮೇಲೆ ದವಾಖಾನೆ ಕಡೆ ತಲೆ ಹಾಕಲಿಲ್ಲ. ಕೆಮ್ಮು ಮಾತ್ರ ಮರಳಿ ಬಂದು ಜೊತೆಗೆ ಕೂತಿತು.

ಈಗ ಮಸ್ಕಿಯ ಬಟ್ಟೆ ಅಂಗಡಿಯಲ್ಲಿರುವ ಭಾರತಿ ರಜೆ ಸಿಕ್ಕಾಗ ನೋಡಲು ಬಂದಳು. ಕಟ್ಟೆಯ ಮೇಲಿಂದ ಗದ್ದೆಮ್ಮ ತಡೆದಳು. ಒಳಗೆ ಸಕೀನಾಬೀಗೆ ಎಲ್ಲ ಕೇಳಿಸುತ್ತಿತ್ತು.

"ಒಳಗ ಹೋಗಬ್ಯಾಡ ತಂಗಿ. ಆಕಿಗೆ ಏಡ್ಸ್ ಬಂದೈತಿ. ನೀನ ಹೇಳಿದ್ದಿ."

"ನಾ ಯಾವಾಗ ಹೇಳೀನಿ ಬೇ?"

"ಬಂದಾತು ಅಂದಿ. ನನ್ನ ಕಿವಿ ಏನ್ ಕೆಟ್ಟಿಲ್ಲ."

ಭಾರತಿ ತಲೆ ಹಿಡಿದು ಕೂತಳು. "ಯವ್ವಾ, ಏಡ್ ಅಂದ್ರ ನೆರವು. ಬಂದಾತು ಅಂದ್ರ ಬಂದ್ ಆತು. ಅಮೆರಿಕಾ ಸರ್ಕಾರ ಹೊರದೇಶಕ್ಕ ಕೊಡೋ ನೆರವು ಕಡಿತ ಮಾಡ್ತು. ನಮ್ಮ ಸಂಸ್ಥೆ ಬಾಗ್ಲ ಹಾಕ್ತು, ನನ್ನ ಕೆಲಸ ಹೋತು. ಆಫ್ರಿಕಾದಾಗ ಎಷ್ಟೋ ಕಡೆ ದವಾಖಾನಿನ ಮುಚ್ಯಾವ."

"ಅವರು ಅಲ್ಲಿ ಕುಂತು ಸಹಿ ಹಾಕಿದ್ರ ನಮ್ಮ ಓಣ್ಯಾಗ ಬಾಗ್ಲ ಮುಚ್ಚತಾವೇನ?"

"ಅವರು ಮುಚ್ಚಿದ್ದು ಸಂಸ್ಥೆ ಬಾಗ್ಲ. ಸಕೀನಕ್ಕನ ಬಾಗ್ಲ ಮುಚ್ಚಿದಾಕಿ ನೀನು. ಏಡ್ಸ್ ಇದ್ದಿದ್ರೂ ಕೂಡಿ ಕುಂತ್ರ, ಕೂಡಿ ಉಂಡ್ರ ಅದು ಹತ್ತಂಗಿಲ್ಲ."

ಗದ್ದೆಮ್ಮ ಮೊರ ಕೆಳಗಿಟ್ಟಳು. ಸಕೀನಾಬೀ ಬಾಗಿಲು ತೆರೆದಳು.

"ಹಂಗಾದ್ರ ಗುಳಗಿ ಅಮೆರಿಕಾದ್ದಲ್ಲೇನ?"

"ಗುಳಗಿ ನಮ್ಮ ಸರ್ಕಾರಿ ದವಾಖಾನ್ಯಾಗ ಪುಕ್ಕಟೆ ಐತಕ್ಕ. ನಡುವ ಬಿಟ್ರ ರೋಗ ಗಟ್ಟಿಯಾಗಿ ಆ ಗುಳಗಿ ನಾಟಂಗಿಲ್ಲ. ಬಾಯಿಗೆ ಸೆರಗು ಕಟ್ಟಿಕೋ, ಈಗ ನಡಿ."

"ನಾಳಿಯಿಂದ ನೀ ಬರ್ತೀಯೇನ?"

ಭಾರತಿ ತಲೆ ತಗ್ಗಿಸಿದಳು. "ಇಲ್ಲಕ್ಕ."

ಗದ್ದೆಮ್ಮ ಕಟ್ಟೆಯಿಂದಿಳಿದು ಚಪ್ಪಲಿ ಹುಡುಕಿದಳು. "ನಾಳಿಯಿಂದ ನಾ ಬರ್ತೀನಿ. ಗುಳಗಿ ಹೆಸರು ಮಾತ್ರ ನನ್ನ ಬಾಯಾಗ ಹೇಳಿಸಬ್ಯಾಡ್ರಿ, ಮತ್ತ ಊರು ಕೆಟ್ಟೀತು."

ಓದುಗರೇ, ದೂರದ ದೇಶವೊಂದು ಕೈ ಹಿಂದೆಗೆದುಕೊಂಡಾಗ ನಿಮ್ಮ ಓಣಿಯಲ್ಲೂ ಒಂದು ಬಾಗಿಲು ಯಾರೂ ತಟ್ಟದೆ ಉಳಿದಿರಬಹುದು. ಟಿ.ಬಿ. ಗುಳಿಗೆಯನ್ನು ನಡುವೆ ಬಿಡಬೇಡಿ. ಬಿಟ್ಟವರಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅವರ ಜೊತೆ ದವಾಖಾನೆಗೆ ನಡೆಯಿರಿ. ಇಂದೇ ಹೋಗಿ ಆ ಬಾಗಿಲು ತಟ್ಟಿ. ಒಳಗಿರುವವರು ಎದ್ದು ಬರಲು ತುಸು ಹೊತ್ತಾದೀತು, ನಿಂತಿರಿ.