ಒಂದು ಹೊತ್ತಿನ ಹಾಲು

ಶಾಲೆಯ ಕಟ್ಟೆಯನ್ನೇ ಹತ್ತದ ಸತ್ಯವ್ವನನ್ನು ಖಾನಾಪುರದ ಕೃಷಿ ಡಿಪ್ಲೊಮಾ ಹುಡುಗರು ‘ಮೇಡಂ’ ಎಂದು ಕರೆಯತೊಡಗಿ ಎರಡು ತಿಂಗಳಾಗಿತ್ತು. ಬೆಳಗಾವಿಯ ಕೃಷಿ ಮೇಳದಲ್ಲಿ ಹೈನಿನ ಆಕಳುಗಳ ಸ್ಪರ್ಧೆ. ಮೈ ತೊಳೆದು ತಿಕ್ಕುವುದು, ಕೋಡಿಗೆ ಎಣ್ಣೆ ಹಚ್ಚುವುದು, ಜನಜಂಗುಳಿಯಲ್ಲಿ ಬೆದರದಂತೆ ನಡೆಸುವುದು, ಇದೆಲ್ಲ ಆ ಹುಡುಗರಿಗೆ ಪಾಠ ಹೇಳುವ ಕಲ್ಲಯ್ಯ ಮಾಸ್ತರರಿಗೆ ಪುಸ್ತಕದಲ್ಲಿ ಮಾತ್ರ ಗೊತ್ತು. ಅವರು ಹಗ್ಗ ಹಿಡಿದರೆ ಆಕಳೇ ಅವರನ್ನು ಎಳೆದುಕೊಂಡು ಹೋಗುತ್ತಿತ್ತು! ಹಾಗಾಗಿ ಸತ್ಯವ್ವನಿಗೆ ಕರೆ ಬಂತು, ಅವಳ ಜರ್ಸಿ ಆಕಳು ತಾರಿಯ ಸಮೇತ.

ಕಲಿಸುವುದರಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಹೊಗಳಿಕೆ ಹಾಳು ವಸ್ತು ನೋಡಿ, ತಲೆಗೇರಿದರೆ ಬೇಗ ಇಳಿಯುವುದಿಲ್ಲ. ಒಂದು ದಿನ ಯಾರೂ ಕೇಳದಿದ್ದರೂ ತನ್ನ ಗುಟ್ಟನ್ನು ಬಿಚ್ಚಿಟ್ಟಳು.

“ಸ್ಪರ್ಧೆ ದಿನಾ ಮುಂಜಾನಿ ಹಾಲ ಹಿಂಡಬ್ಯಾಡ್ರಿ. ಕೆಚ್ಚಲ ತುಂಬಿರತೈತಿ, ನೋಡಾವ್ರ ಕಣ್ಣ ಅಲ್ಲೇ ನಿಂದರ್ತಾವು. ಮೆರವಣಿಗಿ ಮುಗೀತಂದ್ರ ಮೊದಲ ಹಿಂಡೂದು, ಆಮ್ಯಾಲ ಚಾ.”

“ತಡಾ ಆದ್ರರೀ?” ಎಂದು ಕೇಳಿದ್ದಳು ಪೂನಮ್. ಸಾಂಬ್ರಾದ ಹುಡುಗಿ, ಸಗಣಿ ಬಳಿಯಲು ಹೇಸದವಳು, ಎಲ್ಲರಿಗಿಂತ ಚುರುಕು.

“ತಡಾ ಆಗಾಕ ನಾ ಇರೂದಿಲ್ಲೇನ ಅಲ್ಲಿ?” ಎಂದು ಸತ್ಯವ್ವ ನಕ್ಕಿದ್ದಳು.

ಸ್ಪರ್ಧೆ ಹತ್ತು ಗಂಟೆಗೆ ಎಂದಿದ್ದರು. ದೊಡ್ಡವರು ಬರಬೇಕಲ್ಲ, ಬರಲಿಲ್ಲ. ಹನ್ನೆರಡಾಯಿತು. ಮಾಸ್ತರರು ಉಳಿದ ಹುಡುಗರನ್ನು ಕರೆದುಕೊಂಡು ಮಳಿಗೆ ನೋಡಲು ಹೋಗಿದ್ದರು. ತಾರಿ ಕಾಲು ಅಗಲಿಸಿ ನಿಂತಿತು.

“ಮೇಡಂ, ಮೊಲಿಯಿಂದ ಹಾಲ ಸೋರಾಕತ್ತೇತ್ರಿ. ಹಿಂಡೂಣ್ರಿ?” ಪೂನಮ್ ಬಕೆಟ್ಟು ತಂದೇ ಬಿಟ್ಟಿದ್ದಳು.

ಮೈಕಿನವನು ಇನ್ನು ಹತ್ತೇ ನಿಮಿಷ ಎಂದ. ಈಗ ಹಿಂಡಿದರೆ ಕೆಚ್ಚಲು ಜೋಲುತ್ತದೆ, ಪ್ರಶಸ್ತಿ ಪಕ್ಕದವರ ಪಾಲು. ಸತ್ಯವ್ವ ಅಂದಳು, “ತಡಿಯವ್ವಾ, ಹತ್ತ ಮಿನಿಟು.”

ಎರಡಕ್ಕೆ ಮತ್ತೆ ಕೇಳಿದಳು ಹುಡುಗಿ. ತಾರಿ ಹುಲ್ಲು ಮೂಸುತ್ತಿರಲಿಲ್ಲ. ಮುಟ್ಟಿದರೆ ಒದೆಯುತ್ತಿತ್ತು, ಹುಟ್ಟಿದಂದಿನಿಂದ ಒದೆಯದ ಆಕಳು. ಸತ್ಯವ್ವನ ಜೀವ ಚುರ್ ಎಂದಿತು. ಆದರೂ “ನಿನಗೇನ ತಿಳಿತೈತಿ, ಸುಮ್ನ ನಿಂದ್ರ” ಎಂದು ಗದರಿಸಿದಳು.

ನಾಲ್ಕಕ್ಕೆ ಸ್ಪರ್ಧೆ ನಡೆಯಿತು. ಮೊದಲ ಬಹುಮಾನ ತಾರಿಗೇ. ಶಾಲು, ಹಾರ, ಫೋಟೋ, ಚಪ್ಪಾಳೆ. ಎಲ್ಲ ಮುಗಿದು ಬಕೆಟ್ಟು ಹಿಡಿದು ಕುಳಿತಾಗ ಕೆಚ್ಚಲು ಕಲ್ಲಾಗಿತ್ತು.

ಮೂರನೆಯ ದಿನ ಖಾನಾಪುರದ ಕೊಟ್ಟಿಗೆಯಲ್ಲಿ ದನದ ಡಾಕ್ಟರು ಕೈ ತೊಳೆದುಕೊಳ್ಳುತ್ತ ಅಂದರು, “ಕೆಚ್ಚಲು ಬಾವು. ಎರಡ ಮೊಲಿ ಹ್ವಾದಂಗ. ಇಪ್ಪತ್ತೆರಡ ತಾಸ ಯಾರ ಬಿಟ್ಟಾರ ಹಿಂಗ? ಬುದ್ಧಿ ಇದ್ದಾವ್ರು ಮಾಡೂ ಕೆಲಸಲ್ಲ ಇದು.”

ಕಲ್ಲಯ್ಯ ಮಾಸ್ತರರು ಸತ್ಯವ್ವನ ಕಡೆ ತಿರುಗಿದರು. ಹಿಂದೆ ಹುಡುಗರೆಲ್ಲ ನಿಂತಿದ್ದರು. ಪೂನಮ್ ಬಿಸಿನೀರಿನ ಬಟ್ಟೆ ಹಿಂಡಿ ತಾರಿಯ ಕೆಚ್ಚಲಿಗೆ ಇಡುತ್ತಿದ್ದಳು, ಎರಡು ರಾತ್ರಿ ಮನೆಗೂ ಹೋಗಿರಲಿಲ್ಲ.

ನಿಜ ನಾಲಿಗೆಯ ತುದಿಗೇ ಬಂದಿತ್ತು. ನುಂಗಿದಳು ಸತ್ಯವ್ವ.

“ಈಕಿಗಿ ಹೇಳಿದ್ನಿರೀ, ತಡಾ ಆದ್ರ ಹಿಂಡಿಬಿಡ ಅಂತ. ನಾ ವೇದಿಕಿ ಕಡೆ ಹೋಗಿದ್ದೆ. ಹುಡುಗ ಬುದ್ಧಿ, ಮರತಾಳ.”

ಪೂನಮ್‌ಳ ಕೈ ನಿಂತಿತು. ತಲೆಯೆತ್ತಿ ಸತ್ಯವ್ವನನ್ನು ನೋಡಿದಳು. ಸತ್ಯವ್ವ ಆಕಳಿನ ಬೆನ್ನು ನೋಡಿದಳು.

“ಹೌದರೀ ಸರ್,” ಅಂದಳು ಹುಡುಗಿ, “ನಾ ಮರತೆ.”

ಮಾಸ್ತರರು ಆ ಹುಡುಗಿಯನ್ನು ತಂಡದಿಂದ ಅಲ್ಲೇ ತೆಗೆದುಹಾಕಿದರು. ಆಮೇಲೆ ದನಿ ತಗ್ಗಿಸಿ, “ಮುಂದಿನ ವರ್ಷನೂ ನೀವ ಬರಬೇಕ್ರಿ ಮೇಡಮ್ಮಾರ,” ಅಂದರು.

ಸತ್ಯವ್ವ ಹೂಂ ಅಂದಳು.