ಕೊನೆಯ ಪೊಟ್ಟಣ

ಮಣಿಪಾಲದಿಂದ ಪರ್ಕಳಕ್ಕೆ ಇಳಿಯುವ ರಸ್ತೆಯಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು. ಅದು ಅಂಗಡಿಯೇ, ಆದರೆ ಒಬ್ಬ ಗಿರಾಕಿಯೂ ಅದರ ಮೆಟ್ಟಿಲು ತುಳಿದದ್ದಿಲ್ಲ. ಪುಣೆಯಲ್ಲೋ ದುಬೈಯಲ್ಲೋ ಕೂತವರು ಕಂಪ್ಯೂಟರಿನಲ್ಲಿ ಹಪ್ಪಳ, ಉಪ್ಪಿನಕಾಯಿ, ಅರಸಿನ ಕುಂಕುಮ ಬೇಕೆಂದು ಒತ್ತಿದರೆ ಇಲ್ಲಿ ಘಟ್ಟದ ಮೇಲಿಂದ ದುಡಿಯಲು ಬಂದ ಮರೆಮ್ಮ ಇನ್ನೈದು ಜನರೊಂದಿಗೆ ಹಲಗೆಯಿಂದ ತೆಗೆದು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಇದು ೨೦೦೮ರ ಮಾತು.

ಹಿಂದಿನ ವರ್ಷ ಅವಳ ಗಂಡ ಕರಿಬಸವ ಕಟ್ಟುತ್ತಿದ್ದ ಹಾಸ್ಟೆಲ್ಲಿನ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಈಗ ಅವನಿಗೆ ತಾನಾಗಿ ಮಗ್ಗುಲು ಬದಲಿಸಲೂ ಆಗದು. ಶೆಡ್ಡಿನ ಹಿಂದೆಯೇ ಗುಡಿಸಲು ಇದ್ದುದರಿಂದ ಮರೆಮ್ಮ ಮಧ್ಯಾಹ್ನ ಓಡಿಹೋಗಿ ಅವನನ್ನು ಹೊರಳಿಸಿ ಬರುತ್ತಿದ್ದಳು. ಈ ಕೆಲಸ ತಪ್ಪಿದರೆ ಮತ್ತೆ ಇಟ್ಟಿಗೆ ಹೊರಬೇಕು. ಇಟ್ಟಿಗೆ ಕೆಲಸದ ಮೇಸ್ತ್ರಿ ಮಧ್ಯಾಹ್ನ ಯಾರನ್ನೂ ಬಿಡುವುದಿಲ್ಲ. ದಿನವಿಡೀ ಒಂದೇ ಮಗ್ಗುಲಾದರೆ ಬೆನ್ನು ಹುಣ್ಣಾಗುತ್ತದೆ, ಅದು ಬಲಿತರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಶೆಡ್ಡಿಗೂ ಒಂದು ರೋಗವಿತ್ತು. ಬೇಕೆಂದು ಒತ್ತಿದ ಸಾಮಾನು ಎಷ್ಟೋ ಸಲ ಹುಡುಕಿದರೂ ಹಲಗೆಯಲ್ಲಿ ಇರುತ್ತಿರಲಿಲ್ಲ. ಮ್ಯಾನೇಜರ್ ರೊಸಾರಿಯೊ ಎಲ್ಲಿಂದಲೋ ‘ಲೀನ್’ ಎಂಬ ಮದ್ದು ಕಲಿತು ಬಂದರು.

“ರಾಶಿ ಹಾಕಿದ ಮಾಲು ಅಂದ್ರೆ ಕಸ ಮಾರಾಯ್ರೆ,” ಎಂದರು. “ಒಂದೊಂದು ಸಾಮಾನಿಗೆ ಎರಡೇ ಪೆಟ್ಟಿಗೆ. ಮುಂದಿನದು ಖಾಲಿಯಾದ ಕೂಡಲೇ ಅದರ ಕೆಂಪು ಚೀಟಿ ಬೋರ್ಡಿಗೆ ಸಿಕ್ಕಿಸಿ. ಹಿಂದಿನದು ಮುಗಿಯುವುದರೊಳಗೆ ಹೊಸ ಮಾಲು ಬರ್ತದೆ. ಮೂರು ತಿಂಗಳಲ್ಲಿ ಸರಿಯಾಗದಿದ್ರೆ ಶೆಡ್ಡು ಮುಚ್ಚುವುದೇ.”

ಎರಡು ತಿಂಗಳು ಕಳೆದವು. ರೋಗ ಇಳಿಯುವ ಬದಲು ಏರಿತು. ರೊಸಾರಿಯೊ ಸಾಹೇಬರು ಹಪ್ಪಳ, ಉಪ್ಪಿನಕಾಯಿ, ಕುಂಕುಮದ ಸಾಲಿನಲ್ಲಿ ಇಣುಕಿದರೆ ಒಂದು ಪೆಟ್ಟಿಗೆಯೂ ಖಾಲಿಯಿಲ್ಲ, ಚೀಟಿಯೆಲ್ಲ ಇದ್ದಲ್ಲೇ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಕಾಪುವಿನಿಂದ ಉಪ್ಪಿನಕಾಯಿ ತರುವ ಕುಂಞಾಲಿಗೆ ಬೈಗುಳ ಬಿತ್ತು.

“ಚೀಟಿಯೇ ಬಾರದೆ ನಾನು ಎಂತ ತರುವುದು?” ಎಂದು ಕುಂಞಾಲಿ ರೇಗಿದ.

ಕಂಪ್ಯೂಟರಿನ ಮುಂದೆ ಕೂರುವ ಅಶ್ವಿನಿಗೆ ಆ ಮಾತು ಕೊರೆಯಿತು. ಅವಳು ಎದ್ದುಬಂದು ಪೆಟ್ಟಿಗೆಗಳಿಗೆ ಒಂದೊಂದಾಗಿ ಕೈಹಾಕಿದಳು. ಮರೆಮ್ಮನ ಸಾಲಿನ ಪ್ರತಿ ಪೆಟ್ಟಿಗೆಯ ತಳದಲ್ಲೂ ಒಂದೇ ಒಂದು ಪೊಟ್ಟಣ ಉಳಿದಿತ್ತು.

“ಎಂತ ಅಕ್ಕ ಇದು?”

“ಪೂರಾ ಬರಿದು ಮಾಡಬಾರದವ್ವಾ. ಅಕ್ಕಿ ಗಡಿಗ್ಯಾಗೂ ನಾಕು ಕಾಳ ಬಿಡತೀವಿ. ಈ ಶೆಡ್ಡು ಚಲೋ ಇರಲಿ ಅಂತನ ಬಿಟ್ಟೀನಿ.”

ಅಶ್ವಿನಿ ತಲೆಗೆ ಕೈಹಚ್ಚಿದಳು. ಶೆಡ್ಡು ಉಳಿಯಲೆಂದು ಮಾಡಿದ್ದೇ ಶೆಡ್ಡಿಗೆ ಮುಳುವಾಗಿತ್ತು. ಒಂದು ಪೊಟ್ಟಣ ಉಳಿದರೂ ಪೆಟ್ಟಿಗೆ ಖಾಲಿಯಾದ ಲೆಕ್ಕವಿಲ್ಲ, ಚೀಟಿ ಬೋರ್ಡಿಗೆ ಹೋಗುವುದಿಲ್ಲ ಎಂದು ಅವಳು ಮರೆಮ್ಮನಿಗೆ ಬಿಡಿಸಿ ಹೇಳಿದಳು. ಮರೆಮ್ಮ ಅಂದೇ ಹಪ್ಪಳ, ಉಪ್ಪಿನಕಾಯಿ, ಗೇರುಬೀಜ ಎಲ್ಲದರ ಕೊನೆಯ ಪೊಟ್ಟಣವನ್ನೂ ತೆಗೆದಳು. ಕುಂಕುಮದ ಪೆಟ್ಟಿಗೆಯ ಮುಂದೆ ಮಾತ್ರ ನಿಂತುಬಿಟ್ಟಳು.

“ಇದೊಂದು ಬ್ಯಾಡವ್ವಾ. ಮನ್ಯಾಗ ಅಂವ ಹಂಗ ಮಲಗ್ಯಾನ.”

“ನಮ್ಮಲ್ಲಿಯೂ ಕುಂಕುಮದ ಭರಣಿ ಬರಿದು ಮಾಡುವ ಕ್ರಮ ಇಲ್ಲ ಅಕ್ಕ, ನನಗೆ ಗೊತ್ತುಂಟು,” ಎಂದು ಅಶ್ವಿನಿ ದನಿ ತಗ್ಗಿಸಿದಳು. “ಆದ್ರೆ ನವರಾತ್ರಿಗೆ ಎಲ್ಲರೂ ಕೇಳುವುದು ಕುಂಕುಮವನ್ನೇ. ಅದೇ ಇಲ್ಲಾಂತಾದ್ರೆ ಶೆಡ್ಡು ಮುಚ್ಚಿತು ಅಂತಲೇ ಲೆಕ್ಕ.”

ಶೆಡ್ಡು ಮುಚ್ಚಿದರೆ ಅವನನ್ನು ಹೊರಳಿಸುವವರು ಯಾರು? ಮರೆಮ್ಮ ಕಣ್ಣುಮುಚ್ಚಿ ಕೊನೆಯ ಪೊಟ್ಟಣ ತೆಗೆದು, ಚೀಟಿಯನ್ನು ಬೋರ್ಡಿಗೆ ಸಿಕ್ಕಿಸಿದಳು.

ಮದ್ದು ಹಿಡಿಯಿತು. ನವರಾತ್ರಿ ಪೂರ್ತಿ ಒಂದೇ ಒಂದು ಸಾಮಾನಿಗೂ ‘ಇಲ್ಲ’ ಎನ್ನುವ ಪ್ರಸಂಗ ಬರಲಿಲ್ಲ. ರೊಸಾರಿಯೊ ಎಲ್ಲರಿಗೂ ಲಾಡು ಹಂಚಿದರು. ಮುಂದಿನ ಸೋಮವಾರ ಮರೆಮ್ಮನನ್ನು ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ಅವಳ ಮುಖ ನೋಡಲಾರದೆ ಮೇಜು ನೋಡುತ್ತ ಮಾತಾಡಿದರು.

“ಈಗ ಹುಡುಕುವ ಕೆಲಸವೇ ಇಲ್ಲ ಅಲ್ವಾ, ಎಲ್ಲ ಕೈಗೇ ಸಿಗ್ತದೆ. ಆರು ಜನ ಎಂತಕ್ಕೆ, ಮೂವರು ಸಾಕು ಅಂತ ಮೇಲಿನವರು ಹೇಳ್ತಾರೆ. ಕಡೆಗೆ ಸೇರಿದ ಮೂವರಲ್ಲಿ ನೀವೂ ಒಬ್ಬರು.”

“ಕುಂಕುಮದ ಪೆಟ್ಟಿಗೀನೂ ಖಾಲಿ ಮಾಡೀನ್ರೀ ಸರ್.”

“ಹೌದು, ನೋಡಿದ್ದೇನೆ. ಅದನ್ನು ಬಹಳ ಚೆನ್ನಾಗಿ ಮಾಡಿದ್ದೀರಿ.”

ಆ ಪೆಟ್ಟಿಗೆ ಬರಿದು ಮಾಡಲು ಅವಳು ಏನನ್ನು ಒತ್ತೆಯಿಟ್ಟಿದ್ದಳೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಮರೆಮ್ಮನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಗುರುವಾರದಿಂದ ಕಾರ್ಕಳ ರಸ್ತೆಯ ಕಟ್ಟಡದಲ್ಲಿ ಇಟ್ಟಿಗೆ ಹೊತ್ತಳು. ಸಂಜೆ ಬಂದು ಕರಿಬಸವನನ್ನು ಹೊರಳಿಸಿದಾಗ ಸುಲಿದ ಬೆನ್ನಿಗೆ ಅವನ ಅಂಗಿ ಅಂಟಿಕೊಂಡಿತ್ತು.

“ಮಧ್ಯಾಹ್ನ ಯಾಕ ಬರಲಿಲ್ಲ?” ಎಂದು ಅವನು ಕೇಳಿದ.

“ಇಟ್ಟಿಗಿ ಹೊರಾಕ ಹೋಗಿದ್ದೆ. ನಾಳೆ ಬರತೀನಿ,” ಎಂದಳು. ನಾಳೆಯೂ ಮೇಸ್ತ್ರಿ ಬಿಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.