ಮೇಡಂ ಗಂಟಲು ಕಟ್ಟಿದ ಕಥೆ

ಸಣ್ಣ ಅಂಗಡಿಗಳಿಗೆ ಒಳ್ಳೆಯ ಸಲಹೆ ಸಿಕ್ಕರೆ ವ್ಯಾಪಾರ ಹೆಚ್ಚುತ್ತದೆಯೇ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರಜ್ಞೆ ತಗಡಿನ ಕೆಲಸದವರ ಬೀದಿಗೆ ಬಂದಿದ್ದಳು. ಬೀದಿಯವರಿಗೆ ಅವಳು ಬರೀ ‘ಮೇಡಂ’. ಅವಳ ವಿಧಾನ ಸರಳ. ಚೀಟಿ ಎತ್ತಿ ಅರ್ಧ ಅಂಗಡಿಗಳನ್ನು ಆರಿಸಿ, ವಾರಕ್ಕೊಮ್ಮೆ ಅವರ ಬಳಿ ಕೂತು ಸಲಹೆ ಕೊಡುವುದು. ಉಳಿದರ್ಧಕ್ಕೆ ಏನೂ ಹೇಳಬಾರದು. ವರ್ಷದ ಕೊನೆಗೆ ಎರಡನ್ನೂ ಹೋಲಿಸಿ ನೋಡುವುದು. ಹೇಳಬಾರದವರಿಗೆ ಅಪ್ಪಿತಪ್ಪಿಯೂ ಹೇಳದಿರುವುದೇ ಇದರ ಜೀವಾಳ ಎಂದು ಅವಳ ಗುರುಗಳು ತಲೆಗೆ ತುಂಬಿ ಕಳಿಸಿದ್ದರು. ಚಹಾ ಕುಡಿಯುವಾಗಲೂ ಅವಳು ಬಾಯಿಗೆ ಬೀಗ ಹಾಕಿಕೊಂಡೇ ಇರುತ್ತಿದ್ದಳು.

ಚೀಟಿ ಪೆಟ್ಟಿಗೆಯಣ್ಣನಿಗೆ ಬಂತು. ಅವನು ತಗಡಿನ ಟ್ರಂಕು ಮಾಡುವವನು. ಪಕ್ಕದಲ್ಲೇ ಅವನ ತಮ್ಮ ಡಬ್ಬ ಮಾಡುತ್ತಿದ್ದ, ಅವನಿಗೆ ಚೀಟಿ ಬರಲಿಲ್ಲ. ಅಪ್ಪ ಸತ್ತ ಮೇಲೆ ತಗಡು ಬಗ್ಗಿಸುವ ಯಂತ್ರ ಯಾರದೆಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಒಂದೇ ಅಂಗಡಿಯ ನಡುವೆ ತಗಡಿನ ಗೋಡೆ ಎದ್ದಿತ್ತು. ಗೋಡೆಯನ್ನು ಮಾತ್ರ ಇಬ್ಬರೂ ಸೇರಿ, ತುಟಿ ಪಿಟಕ್ಕೆನ್ನದೆ, ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದರಂತೆ.

ಮೊದಲ ದಿನವೇ ಪೆಟ್ಟಿಗೆಯಣ್ಣ ಕಿವಿಗೆ ಕೈ ಅಡ್ಡ ಹಿಡಿದ. “ಸುತ್ತಿಗೆ ಸದ್ದಿಗೆ ಕಿವಿ ಮಂದ ಆಗಿಬಿಟ್ಟಿದೆ ಮೇಡಂ. ಸ್ವಲ್ಪ ಗಟ್ಟಿಯಾಗಿ ಹೇಳಿ” ಅಂದ.

ಮೇಡಂ ಗಟ್ಟಿಯಾಗಿ ಹೇಳಿದಳು. ಬೆಲೆ ಕಟ್ಟುವಾಗ ತಗಡಿನ ಬೆಲೆಯ ಜೊತೆ ಸ್ವಂತ ದುಡಿಮೆಯ ಕೂಲಿಯನ್ನೂ ಸೇರಿಸಬೇಕೆಂದು ಹೇಳಿದಳು. ಮಾಡಿದ್ದನ್ನು ಒಳಗೆ ಪೇರಿಸಿಡದೆ ಬೀದಿಗೆ ಕಾಣುವಂತೆ ಇಡಬೇಕೆಂದಳು. ಅವನು ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿದ. ಅವಳು ಮನೆಗೆ ಹೋಗಿ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದಳು.

ಸಲಹೆ ಸಿಗದ ಅಂಗಡಿಗಳನ್ನೂ ಅವಳು ಆಗಾಗ ನೋಡಿ ಬರಬೇಕಿತ್ತು. ಡಬ್ಬದ ತಮ್ಮನ ಅಂಗಡಿ ದಿನೇ ದಿನೇ ಕಳೆಗಟ್ಟುತ್ತಿತ್ತು. ಡಬ್ಬಗಳು ಬೀದಿಯ ಕಡೆ ಮುಖ ಮಾಡಿ ಸಾಲಾಗಿ ಕೂತಿದ್ದವು. ಸಲಹೆ ಇಲ್ಲದೆಯೂ ಕೆಲವರಿಗೆ ಸಹಜ ಬುದ್ಧಿ ಇರುತ್ತದೆಂದು ಮೆಚ್ಚಿಕೊಂಡು, ಅದನ್ನು ಗುರುಗಳಿಗೂ ಬರೆದಳು. ತಮ್ಮ ಗಂಭೀರವಾಗಿ ಮುಖ ತಗ್ಗಿಸಿ ಡಬ್ಬ ಒರೆಸುತ್ತಿದ್ದ.

ಕೊನೆಗೊಂದು ವಾರ ಮೇಡಂ ಗಂಟಲು ಪೂರ್ತಿ ಕಟ್ಟಿತು. ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಆದರೂ ಕರ್ತವ್ಯ ಬಿಡಬಾರದೆಂದು ಬಂದು ಕೂತು, ಪಿಸುಗುಟ್ಟುವ ದನಿಯಲ್ಲಿ ಆ ದಿನದ ಪಾಠ ಹೇಳಿದಳು. ಪೆಟ್ಟಿಗೆಯಣ್ಣ ಎಲ್ಲಕ್ಕೂ ಸರಿಯಾಗಿ ತಲೆದೂಗಿದ. ಒಂದು ಸಲವೂ ಕಿವಿಗೆ ಕೈ ಹೋಗಲಿಲ್ಲ. ಅವಳಿಗೆ ಅದು ಹೊಳೆಯುವಷ್ಟರಲ್ಲಿ ಅವನೇ ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ ದನಿ ಏರಿಸಿದ.

“ಕೇಳಿದ್ಯೇನೇ? ಗಿರಾಕಿ ಕೊಳ್ಳದೆ ಹೊರಟ್ರೆ ತಕ್ಷಣ ಬೆಲೆ ಇಳಿಸಬೇಕಂತೆ.”

ಮೇಡಂ ಹೇಳಿದ್ದು ಅದಲ್ಲ, ತಕ್ಷಣ ಇಳಿಸಬಾರದು ಅಂತ. ತಿದ್ದಲು ಬಾಯಿ ತೆರೆದಳು, ದನಿ ಬರಲಿಲ್ಲ. ಗೋಡೆಯ ಆಚೆ ಸುತ್ತಿಗೆ ನಿಂತಿತು.

“ಬೆಲೆ ಇಳಿಸೋದಾ?” ತಗಡಿನ ಹಿಂದಿನಿಂದ ತಮ್ಮನ ದನಿ ಬಂತು. “ಹೋದ ತಿಂಗಳು ಮೇಡಂ ಹೇಳಿದ್ದು ಬೇರೆ. ಯಾಕೆ ಕೊಳ್ಳಲಿಲ್ಲ ಅಂತ ಮೊದಲು ಕೇಳಿ ಅಂದಿದ್ರು. ಅತ್ತಿಗೆ, ನಿಮ್ಮ ಯಜಮಾನರ ಮಾತು ಕಟ್ಕೊಂಡು ಬೆಲೆ ಇಳಿಸಬೇಡಿ.”

ಅಣ್ಣನ ಮುಖ ಒಂದು ಕ್ಷಣ ಏನೇನೋ ಆಯಿತು. “ಪಾಠ ನನಗೆ ಹೇಳಿದ್ದು, ನಿನಗಲ್ಲ” ಅಂದ, ಗೋಡೆ ನೋಡುತ್ತ.

“ಬೀದಿಗೆಲ್ಲ ಕೇಳೋ ಹಾಗೆ ಹೇಳಿಸಿದ್ದು ಯಾರು?”

ಮೇಡಂ ಒಬ್ಬರ ಮುಖ ನೋಡಿದಳು, ಮತ್ತೊಬ್ಬರ ಗೋಡೆ ನೋಡಿದಳು. ಅತ್ತಿಗೆಗೆ ಅವಳ ಮೇಲೆ ಕನಿಕರ ಬಂತು.

“ಇವರಿಗೆಂಥ ಕಿವುಡು ಮೇಡಂ” ಅಂದಳು. “ನಾನು ಅಡುಗೆಮನೇಲಿ ಪಾತ್ರೆ ಮುಚ್ಚಳ ತೆಗೆದ್ರೆ ಅಂಗಡಿಯಿಂದ ಎದ್ದು ಬರ್ತಾರೆ.”

ಪೆಟ್ಟಿಗೆಯಣ್ಣ ತಲೆ ಕೆರೆದುಕೊಂಡ. “ಚೀಟಿ ನನಗೆ ಬಂತು, ಅವನಿಗೆ ಬರಲಿಲ್ಲ. ಮನೆಗೆ ಬಂದದ್ದನ್ನ ಒಬ್ಬನೇ ತಿನ್ನೋಕಾಗುತ್ತಾ ಮೇಡಂ? ಹಾಗಂತ ಅವನ ಹತ್ರ ಹೋಗಿ ಹೇಳೋಕೂ ಆಗಲ್ಲ. ನಾನು ಅವನ ಜೊತೆ ಮಾತು ಬಿಟ್ಟಿದೀನಲ್ಲ.”

ಅಷ್ಟು ತಿಂಗಳು ದುಡಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಮೇಡಂಗೆ ಅಳುವೇ ಬಂತು. ಸಿಟ್ಟು ಮಾಡೋಣವೆಂದರೆ ಗಂಟಲಿಲ್ಲ. ಅಷ್ಟರಲ್ಲಿ ಡಬ್ಬದ ತಮ್ಮ ಬಿಸಿನೀರಿನ ಲೋಟ ಹಿಡಿದು ಈಚೆ ಬಂದ. ಗೋಡೆ ಎದ್ದ ಮೇಲೆ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಲೋಟ ಅವಳ ಕೈಗಿಟ್ಟು, ಹಿಂದಿರುಗುವ ಬದಲು ಅರ್ಧ ಆದ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಎತ್ತಿ ನೋಡಿದ.

ಗುರುಗಳಿಗೆ ಅವಳು ನಡೆದದ್ದನ್ನೆಲ್ಲ ಬರೆದಳು. ಎರಡೂ ಅಂಗಡಿಗಳನ್ನು ಅಧ್ಯಯನದಿಂದ ತೆಗೆದುಹಾಕಬೇಕೆಂದು ಉತ್ತರ ಬಂತು. ತೆಗೆದುಹಾಕಿದಳು. ಹಾಗೆ ತೆಗೆದ ಮೇಲೆ ಅಲ್ಲಿ ಯಾರಿಗೆ ಏನು ಬೇಕಾದರೂ ಹೇಳಬಹುದಾಯಿತು. ಬೀದಿಯಲ್ಲಿ ಆ ದಿನದ ಕೆಲಸ ಮುಗಿಸಿ ಹೊರಡುವಾಗ ಅವಳು ಅಲ್ಲೇ ಬಂದು ಕೂರತೊಡಗಿದಳು.

ಆದರೆ ಹೇಳಲು ಬಿಡುವವರು ಯಾರು? ತಗಡನ್ನು ಇಬ್ಬರೂ ಒಟ್ಟಿಗೆ ತರಿಸಿದರೆ ಅಗ್ಗ ಬೀಳುತ್ತದೆಂದು ತಮ್ಮ ವಾದಿಸುತ್ತಿದ್ದ. ಟ್ರಂಕಿಗೆ ದಪ್ಪ ತಗಡು ಬೇಕು, ನಿನ್ನ ಡಬ್ಬದ ತಗಡು ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತದೆ ಎಂದು ಅಣ್ಣ ಮೂಗು ಮುರಿಯುತ್ತಿದ್ದ. ಗಂಟಲು ಈಗ ಸರಿಹೋಗಿದ್ದರೂ ಮೇಡಂ ನಡುವೆ ಬಾಯಿ ಹಾಕಲಿಲ್ಲ. ಅತ್ತಿಗೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು, ಅವಳು ಒಂದು ಹೊಸ ಟ್ರಂಕಿನ ಮೇಲೆ ಆರಾಮವಾಗಿ ಕೂತು ಕೇಳತೊಡಗಿದಳು.